ಹತ್ತು ಸಾವಿರದ ಆಚೆಯವರು

"ಕರೀತೀವಿ ಅಂದಿದ್ರಲ್ಲ? ಏಳು ವಾರ ಆಯ್ತು. ಯಾರೂ ಕರೀಲೇ ಇಲ್ಲ."

ಸೋಮವಾರ ಬೆಳಗ್ಗೆ ಆಸ್ಪತ್ರೆಯ ಕಿಟಕಿಯಾಚೆ ನಿಂತಿದ್ದ ಹೆಂಗಸು ಜಗಳಕ್ಕೆ ಬಂದವಳಲ್ಲ. ಕುತ್ತಿಗೆಯ ಗಂಟಿಗೆ ಕೈ ಅಡ್ಡ ಇಟ್ಟುಕೊಂಡು ಮೆಲ್ಲಗೇ ಕೇಳಿದ್ದಳು. ಕಡತ ತೆಗೆದರು. ಒಳಗೆ ಕೆಂಪು ಮೊಹರು—ತುರ್ತು. ತಾರೀಖು ಏಳು ವಾರದ ಹಿಂದಿನದು! ಓದಿದ ಡಾಕ್ಟರರ ಮುಖ ಬಿಳಿಚಿಹೋಯಿತು. ಕಡಲೆಕಾಳಿನಷ್ಟಿದ್ದ ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು.

ತುರ್ತು ರೋಗಿಗಳನ್ನು ಕರೆಯುವ ಕೆಲಸ ಇಬ್ಬರದು. ಪಟ್ಟಿ ಮಾಡುವವನನ್ನು ಎಲ್ಲರೂ ಪಟ್ಟಿಯಣ್ಣ ಎನ್ನುತ್ತಿದ್ದರು. ಫೋನ್ ಮಾಡುವವಳನ್ನು ಫೋನಕ್ಕ. ವಾರಕ್ಕೊಮ್ಮೆ ಪ್ರಯೋಗಾಲಯದಿಂದ ಒಂದು ಫೈಲು ಬರುತ್ತಿತ್ತು—ತುರ್ತು ಎನಿಸಿದ ರೋಗಿಗಳ ನೋಂದಣಿ ಸಂಖ್ಯೆ, ಪಕ್ಕದಲ್ಲಿ ಫಲಿತಾಂಶ. ನೋಂದಣಿ ಕೋಣೆಯಿಂದ ಇನ್ನೊಂದು—ಆ ವಾರ ಬಂದ ಎಲ್ಲರ ಸಂಖ್ಯೆ, ಹೆಸರು, ಫೋನ್ ನಂಬರು. ಒಂದರಲ್ಲಿ ರೋಗವಿದೆ, ಹೆಸರಿಲ್ಲ. ಇನ್ನೊಂದರಲ್ಲಿ ಹೆಸರಿದೆ, ರೋಗವಿಲ್ಲ. ಪಟ್ಟಿಯಣ್ಣ ಕಪ್ಪು ಪರದೆಯ ಮೇಲೆ ಒಂದು ಸಾಲು ಒತ್ತಿದರೆ ಸಾಕು. 'ಜಾಯಿನ್' ಎಂಬ ಆಜ್ಞೆ ಎರಡರಲ್ಲೂ ಇರುವ ಸಂಖ್ಯೆಗಳನ್ನು ಹಿಡಿದು ಸಾಲಿಗೆ ಸಾಲು ಬೆಸೆದು ಕರೆಯಬೇಕಾದವರ ಪಟ್ಟಿ ಕೊಡುತ್ತಿತ್ತು.

ಆ ವಾರದ ಹಾಳೆ ಸಿಕ್ಕಿತು. ನಾಲ್ಕು ಹೆಸರು. ನಾಲ್ಕಕ್ಕೂ ಫೋನಕ್ಕನ ಟಿಕ್ಕು. ಈ ಹೆಂಗಸಿನ ಹೆಸರಿಲ್ಲ.

"ನಿನ್ನ ಕಂಪ್ಯೂಟರ್ ಬಿಟ್ಟುಬಿಡ್ತಾ?" ವ್ಯವಸ್ಥಾಪಕರು ಕೇಳಿದರು.

"ನಾಲ್ಕು ವರ್ಷದಿಂದ ಅದೇ ಆಜ್ಞೆ ಸರ್. ಹಿಂದಿನ ವಾರ ಸರಿ, ಮುಂದಿನ ವಾರ ಸರಿ—ನಡುವಿನ ಒಂದು ವಾರ ಮಾತ್ರ ತಪ್ಪಾಗುತ್ತಾ?"

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪಟ್ಟಿಯಣ್ಣ ನಿಲ್ಲಿಸಲಿಲ್ಲ.

"ಪ್ರಿಂಟ್ ತೆಗೆಯೋದು ಅಕ್ಕ. ತೆಗೆಯೋ ಮುಂಚೆ ಒಂದು ಸಾಲು ಅಳಿಸೋದು ಎಷ್ಟು ಹೊತ್ತಿನ ಕೆಲಸ ಸರ್?"

"ಅವಳು ಯಾಕೆ ಅಳಿಸ್ತಾಳೆ?"

"ಬಂದಿರೋರು ಅವರ ಓರಗಿತ್ತಿ. ಮನೆ ಪಾಲಾದಮೇಲೆ ಇಬ್ಬರದೂ ಎಣ್ಣೆ-ಸೀಗೆಕಾಯಿ. ಮಾತೇ ಇಲ್ಲ."

ಅದನ್ನು ಫೋನಕ್ಕ ಹೇಳಿದ್ದು ಅವನೊಬ್ಬನಿಗೇ—ಒಂದು ದಿನ ಟೀ ಕುಡಿಯುತ್ತ, ತಮ್ಮನಿಗೆ ಹೇಳಿದಂತೆ, ಕಣ್ಣೊರೆಸಿಕೊಂಡು.

ಫೋನಕ್ಕನನ್ನು ಕರೆಸಿದರು. ಅವಳು ವ್ಯವಸ್ಥಾಪಕರನ್ನು ನೋಡಲಿಲ್ಲ. ಅವನನ್ನೇ ನೋಡಿದಳು.

"ಮಾತಿಲ್ಲ, ನಿಜ. ಅದಕ್ಕೆ ಸಾಯ್ಲಿ ಅಂತ ಬಿಡ್ತೀನಾ? ಆ ವಾರ ನಾಲ್ಕೇ ಹೆಸರು ಬಂತು ಅಂತ ಖುಷಿಪಟ್ಟವಳು ನಾನು. ಸದ್ಯ, ನಾಲ್ಕೇ ಮನೆಗೆ ಕೆಟ್ಟ ಸುದ್ದಿ ಅಂತ."

ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿದರು. ವಿಚಾರಣೆ ಬಿದ್ದದ್ದು ದಾಖಲೆ ಕೋಣೆಯ ಮುದುಕಿಯ ಹೆಗಲಿಗೆ. ನಿವೃತ್ತಿಗೆ ಎರಡು ತಿಂಗಳಿತ್ತು. ಮಾಸಿದ ಅಕ್ಷರವನ್ನು ಮಸೂರ ಹಿಡಿದು ಓದುತ್ತಿದ್ದುದರಿಂದ ಅವಳ ಹೆಸರೇ ಭೂತಗನ್ನಡಿ.

ಮಂಗಳವಾರ ಊಟದ ಬಿಡುವಿನಲ್ಲಿ ಪಟ್ಟಿಯಣ್ಣ ಬಾಗಿಲು ಹಾಕಿಕೊಂಡ. ಸುಮ್ಮನೆ, ಮನಸ್ಸಿನ ಸಮಾಧಾನಕ್ಕೆ. ಆ ವಾರದ ಎರಡು ಫೈಲುಗಳನ್ನು ತೆಗೆದು ಆಜ್ಞೆ ಕೊಟ್ಟ. ನಾಲ್ಕೇ ಹೆಸರು. ಆಜ್ಞೆಯ ಕೊನೆಗೆ ತಾನೇ ಎಂದೋ ಸೇರಿಸಿದ್ದ ಬಾಲ ಕತ್ತರಿಸಿ ಮತ್ತೆ ಒತ್ತಿದ. ಪರದೆಯ ಮೇಲೆ ಏನೋ ಮೂಡಿತು. ಓದಿದ. ಕಿವಿ ಕಾದ ಹಂಚಾಯಿತು. ಬಾಲ ಮತ್ತೆ ಅಂಟಿಸಿ, ಪರದೆ ಒರೆಸಿ, ಊಟದ ಡಬ್ಬಿ ಬಿಚ್ಚದೆ ಎದ್ದು ಹೋದ.

ನಾಳೆ ಹೇಳ್ತೀನಿ ಅಂದುಕೊಂಡ. ಬುಧವಾರ ಬಂತು. ಹೋಯಿತು. ಮೆಟ್ಟಿಲ ಮೇಲೆ ಭೂತಗನ್ನಡಿ ಎದುರಾದಾಗ ಇಲ್ಲದ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ—ಬೂಟು ಹಾಕಿದ್ದ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ. ಮುದುಕಿ ಬೂಟಿನ ಕಡೆ ನೋಡಿ ಇಳಿದುಹೋದಳು.

ಗುರುವಾರ ಹನ್ನೊಂದಕ್ಕೆ ಅವಳೇ ಅವನ ಕೋಣೆಗೆ ಬಂದಳು. ತೋಳ ತುಂಬ ಕಡತಗಳು.

"ಆ ವಾರದ ಎಲ್ಲಾ ಕಡತ ಒಂದೊಂದಾಗಿ ಬಿಚ್ಚಿದೆ ಕಣಪ್ಪ. ಎರಡು ದಿನ ಹಿಡೀತು. ತುರ್ತು ಮೊಹರು ಎಷ್ಟಿತ್ತು ಹೇಳು?"

ಉತ್ತರಕ್ಕೆ ಕಾಯದೆ ಅವಳೇ ಹೇಳಿದಳು.

"ಹದಿಮೂರು. ಪಟ್ಟಿಯಲ್ಲಿ ನಾಲ್ಕು. ಬಿಟ್ಟುಹೋಗಿದ್ದು ಒಬ್ಬಳಲ್ಲ, ಒಂಬತ್ತು ಜನ. ಓರಗಿತ್ತಿ ಮೇಲಿನ ಸಿಟ್ಟಿಗೆ ಒಂದು ಹೆಸರು ಅಳಿಸ್ಬಹುದು. ಗುರುತೇ ಇಲ್ಲದ ಎಂಟು ಜನ ಫೋನಕ್ಕನಿಗೆ ಏನು ಮಾಡಿದ್ರು?"

ಕಡತಗಳನ್ನು ಎರಡು ಸಾಲಾಗಿ ಮೇಜಿನ ಮೇಲೆ ಹರಡಿದಳು.

"ಸಂಖ್ಯೆ ಓದು. ಜೋರಾಗಿ."

"9962... 9971... 9984... 9990."

"ಇವರು ಸಿಕ್ಕವರು. ಇನ್ನೊಂದು ಸಾಲು?"

"10003," ಅಂದ. "10007... 10011..."

"ಸಾಕು. ಎಲ್ಲಾ ಹತ್ತು ಸಾವಿರದ ಆಚೆಯವರು. ಎಲ್ಲರೂ ಹೆಸರು ನೋಡಿದ್ರು, ಜಗಳ ನೋಡಿದ್ರು. ಸಂಖ್ಯೆಗೆ ಒಂದು ಅಂಕಿ ಹೆಚ್ಚಾಗಿದ್ದನ್ನ ಯಾರೂ ನೋಡ್ಲಿಲ್ಲ. ಜಾಯಿನ್ ಮಾಡೋ ಮುಂಚೆ ಫೈಲುಗಳನ್ನ ಹೇಗೆ ಜೋಡಿಸ್ತೀಯ?"

"ಎಣಿಕೆ ಪ್ರಕಾರ. ಚಿಕ್ಕದರಿಂದ ದೊಡ್ಡದಕ್ಕೆ."

"ಜಾಯಿನ್ ಹಾಗೆ ಓದುತ್ತಾ?"

"...ಇಲ್ಲ. ನಿಘಂಟಿನ ಹಾಗೆ. ಮೊದಲ ಅಕ್ಷರದಿಂದ."

"ಅಂದ್ರೆ ಅದರ ಕಣ್ಣಿಗೆ ಒಂದರಿಂದ ಶುರುವಾಗೋ 10003, ಒಂಬತ್ತರಿಂದ ಶುರುವಾಗೋ 9991ಕ್ಕಿಂತ ಮುಂಚೆ ಬರ್ಬೇಕು. ಒಂದು ಕೈಯಲ್ಲಿ ನೋಂದಣಿ ಫೈಲಿನ 9991 ಹಿಡ್ಕೊಂಡು ನಿಂತಿದೆ, ಇನ್ನೊಂದು ಫೈಲಿಂದ 10003 ಬಂತು. ಇದರ ಸರದಿ ಆಗ್ಲೇ ಮುಗಿದಿದೆ ಅಂತ ಪಕ್ಕಕ್ಕೆ ಎಸೀತು. ಹಿಂದೆ ಬಂದ ಎಂಟು ಜನರನ್ನೂ ಎಸೀತು. ಅದರ ಹಿಂದಿನ ವಾರ ಎಲ್ಲವೂ ನಾಲ್ಕು ಅಂಕಿ, ಮುಂದಿನ ವಾರ ಎಲ್ಲವೂ ಐದು—ತೊಂದರೆ ಇಲ್ಲ. ಎರಡೂ ಕೂಡಿದ್ದು ಅದೊಂದೇ ವಾರ."

ಅವನು ಬೆರಗಾಗಿ ನೋಡಿದ. ಅವಳು ಕುರ್ಚಿ ಎಳೆದುಕೊಂಡಳು.

"ನಾನೂ ಒಂದು ಕಾಲದಲ್ಲಿ ಈ ಕಪ್ಪು ಪರದೆ ಮುಂದೆ ಕೂತವಳೇ. ಅದಕ್ಕೇ ಕೇಳ್ತೀನಿ. ಜೋಡಣೆ ತಪ್ಪಿದ್ರೆ ಜಾಯಿನ್ ಸುಮ್ಮನಿರಲ್ಲ, ಕೂಗಿಕೊಳ್ಳುತ್ತೆ. ನಿಂಗ್ಯಾಕೆ ಕೇಳಿಸ್ಲಿಲ್ಲ?"

"ದೂರು ಪರದೆಗೆ ಬರದ ಹಾಗೆ... ಆಜ್ಞೆ ಕೊನೆಗೆ ಸೇರಿಸಿದ್ದೆ. ಒಂದ್ಸಲ ಬೇರೇನೋ ಸಣ್ಣ ದೂರು ಬಂದಾಗ ಸಾಹೇಬರು ನೋಡಿ ಇದೇನು ಅಂದಿದ್ರು. ವಿವರಿಸೋಕೆ ಬೇಜಾರಾಗಿ, ಅದರ ಬಾಯಿ ಮುಚ್ಚಿಸ್ದೆ."

"ಹೂಂ. ಸೋಮವಾರ ಆದಮೇಲೆ ಆ ಫೈಲುಗಳನ್ನ ಮುಟ್ಟಿದ್ದೀಯಾ?"

"ಇಲ್ಲ."

"ಮೇಲಿನ ಬಾಣ ಒತ್ತು."

ಕೀಲಿಮಣೆಯ ಬಾಣದ ಗುಂಡಿ ಒತ್ತಿದ. ಹಿಂದೆ ಕೊಟ್ಟ ಆಜ್ಞೆಗಳು ಒಂದೊಂದಾಗಿ ಮೇಲೆದ್ದು ಬಂದವು. ಬಾಲವಿದ್ದ ಸಾಲು. ಇನ್ನೊಮ್ಮೆ ಒತ್ತಿದ—ಬಾಲ ಕತ್ತರಿಸಿದ ಸಾಲು.

"ಈಗ ನಡೆಸು."

ನಡೆಸಿದ. ಪರದೆಯಲ್ಲಿ ದೂರು ಮೂಡಿತು. ಭೂತಗನ್ನಡಿ ಮಸೂರ ಹಿಡಿದು ಬಗ್ಗಿ, ಅರ್ಥ ಬಿಡಿಸಿ ಓದಿದಳು: "ಪ್ರಯೋಗಾಲಯದ ಫೈಲು, ಐದನೇ ಸಾಲು, ಕ್ರಮದಲ್ಲಿಲ್ಲ—10003." ಮಸೂರ ಇಳಿಸಿದಳು. "ಯಾರನ್ನ ಬಿಡ್ತಿದ್ದೀನಿ ಅಂತ ಸಂಖ್ಯೆ ಸಮೇತ ಹೇಳ್ತಿದೆಯಲ್ಲೋ! ಇದನ್ನ ಯಾವತ್ತು ಓದಿದೆ?"

"ಮಂಗಳವಾರ."

"ಇವತ್ತು ಗುರುವಾರ."

ಅವನು ಕೀಲಿಮಣೆಯಿಂದ ಕೈ ತೆಗೆದ.

"ತಪ್ಪು ಜೋಡಣೆ ಯಾರಿಗೂ ಆಗುತ್ತೆ," ಭೂತಗನ್ನಡಿಯ ದನಿ ಏರಲಿಲ್ಲ. "ಅದನ್ನ ಅಪರಾಧ ಅನ್ನಲ್ಲ ನಾನು. ಆದ್ರೆ ನಿನ್ನನ್ನ ನಂಬಿ ಹೇಳಿದ ಮನೆ ಮಾತನ್ನ ಸಾಕ್ಷಿಗೆ ತಂದೆ. ನಿಜ ಗೊತ್ತಾದ ಮೇಲೂ ಆ ಹೆಣ್ಣುಮಗಳನ್ನ ಮನೆಯಲ್ಲಿ ಕೂರಿಸ್ದೆ. ರೋಗ ಇರೋ ಇನ್ನೂ ಕೆಲವರು ಬಿಟ್ಟುಹೋಗಿದ್ದಾರೆ ಅಂತ ತಿಳಿದೂ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನಕ್ಕೆ ಕಳ್ಳ ನೀನೇ."

"ನಾನೇ," ಅಂದ. "ಅಕ್ಕನ ಮನೆಗೆ ಹೋಗಿ ಕಾಲು ಹಿಡೀತೀನಿ."

"ಮನೇಲೆಲ್ಲಿದ್ದಾಳೆ? ಬೆಳಗ್ಗೆ ಒಂಬತ್ತಕ್ಕೇ ಕರೆಸಿದ್ದೀನಿ. ಕೆಳಗೆ ಫೋನಿನ ಹತ್ರ ಕೂತಿದ್ದಾಳೆ."

ಫೋನ್ ಕೋಣೆಯ ಬಾಗಿಲಲ್ಲಿ ಅವನು ಬಂದು ನಿಂತ. ಫೋನಕ್ಕ ಬೆನ್ನು ಹಾಕಿ ಕೂತು ಯಾರಿಗೋ ಹೇಳುತ್ತಿದ್ದಳು: "ಹೌದಮ್ಮ, ನಾಳೆಯೇ ಬನ್ನಿ. ಜೊತೆಗೆ ಯಾರನ್ನಾದರೂ ಕರ್ಕೊಂಡು ಬನ್ನಿ." ಫೋನ್ ಇಟ್ಟು ಟಿಕ್ಕು ಹಾಕಿದಳು.

"ಅಕ್ಕಾ..."

"ಏಳು ಜನ ಆಯ್ತು," ಅವಳು ತಿರುಗಲಿಲ್ಲ. "ಏಳು ಜನಾನೂ ಒಂದೇ ಕೇಳಿದ್ರು, ಇಷ್ಟು ತಡ ಯಾಕೆ ಅಂತ. ನಂಗೆ ಉತ್ತರ ಬರ್ಲಿಲ್ಲ. ಓರಗಿತ್ತಿಗೆ ನಿನ್ನೆ ಅವಳ ಮನೆಗೇ ಹೋಗಿ ಹೇಳ್ದೆ, ನಾನಲ್ಲ ಕಣೇ ಅಂತ. ನಂಬಿದಳೋ ಇಲ್ಲವೋ ಗೊತ್ತಿಲ್ಲ. ಬಾಗಿಲಂತೂ ಪೂರ್ತಿ ತೆಗೀಲಿಲ್ಲ."

ಎದುರಿನ ಕುರ್ಚಿಯನ್ನು ಕಾಲಿನಿಂದ ದೂಡಿ, ಫೋನನ್ನು ಅವನ ಕಡೆ ಸರಿಸಿದಳು.

"ಒಂದು ಉಳಿದಿದೆ. ನೀನು ಮಾಡು."

ನಾಲ್ಕು ವರ್ಷ ಪಟ್ಟಿ ಮಾಡಿದವನು ಆ ಪಟ್ಟಿಯ ಒಬ್ಬರ ದನಿಯನ್ನೂ ಕೇಳಿರಲಿಲ್ಲ. ನಂಬರು ಒತ್ತಿದ. ಮೂರು ಸಲ ರಿಂಗಾಯಿತು. ವಯಸ್ಸಾದ ಗಂಡಸಿನ ದನಿ ಬಂತು.

"ಯಾರು ಮಾತಾಡೋದು?"

"ಆಸ್ಪತ್ರೆಯಿಂದ. ನಿಮ್ಮ ರಿಪೋರ್ಟು ಬಂದು ಏಳು ವಾರ ಆಗಿದೆ. ನಾಳೆ ಬೆಳಗ್ಗೆಯೇ ಬನ್ನಿ, ಡಾಕ್ಟರು ಕಾಯ್ತಿರ್ತಾರೆ."

"ಏಳು ವಾರಾನಾ? ಹಾಗಿದ್ರೆ ಯಾಕಪ್ಪಾ ಹೇಳಲಿಲ್ಲ?"

ಪಟ್ಟಿಯಣ್ಣ ಕಣ್ಣು ಮುಚ್ಚಿಕೊಂಡ.

"ಪಟ್ಟಿಯಲ್ಲಿ ನಿಮ್ಮ ಹೆಸರು ಬಿಟ್ಟುಹೋಗಿತ್ತು ಯಜಮಾನ್ರೆ," ಅಂದ. "ಬಿಟ್ಟವನು ನಾನು."