ಪಕ್ಕದ ಸೀಟು

ಗಂಡ ತೀರಿಕೊಂಡ ಮೇಲೆ, ಕೆಂಪಾಪುರದ ಮನೆಯಲ್ಲಿ ಅವರ ಕಾರ್ ಗೇಮನ್ನು ನಾನೇ ಆಡುತ್ತಿದ್ದೆ. ಅವರ ಕಂಪ್ಯೂಟರಿನ ಎರಡು ಗ್ರಾಫಿಕ್ಸ್ ಕಾರ್ಡುಗಳು ಸರದಿಯಂತೆ ಒಂದೊಂದು ಚಿತ್ರ ಮೂಡಿಸುತ್ತವೆ. ಈಚೆಗೆ ಆಟ ತಡವರಿಸುತ್ತಿತ್ತು.

ಸರಿಪಡಿಸಲು ಮೈದುನ ಗೋಪಿ ಬಂದ. “ಇಷ್ಟೊತ್ತು ಓಡಿದ್ರೂ ಕೆಳಗಿನ ಕಾರ್ಡು ಐಸ್ ಥರ ಇದೆಯಲ್ಲ ಅತ್ಗೆ!” ಎಂದ. ಮೇಲಿನ ಕಾರ್ಡೊಂದೇ ಕೆಲಸ ಮಾಡುವಂತೆ ಸೆಟ್ಟಿಂಗ್ ಬದಲಿಸಿದ, ಆಟ ಸರಾಗವಾಗಿ ಓಡಿತು. ಮೊದಲು ಹೇಗಿತ್ತೆಂದು ತೋರಿಸಲು, ಆಗಲೇ ಮಾಡಿಕೊಂಡಿದ್ದ ರೆಕಾರ್ಡಿಂಗನ್ನು ನಿಧಾನವಾಗಿ ಓಡಿಸಿದ.

ಒಂದು ಚಿತ್ರದಲ್ಲಿ, ಆಟದ ಕಾರಿನೊಳಗೆ ನನ್ನ ಪಕ್ಕದ ಸೀಟು ಖಾಲಿ. ಮುಂದಿನದರಲ್ಲಿ, ಕೆಳಗಿನ ಕಾರ್ಡಿನ ಸರದಿಯಲ್ಲಿ, ಅಲ್ಲೊಂದು ಕೈ, ಮಣಿಕಟ್ಟಿನ ಮೇಲೆ ಸುಟ್ಟ ಗಾಯದ ಗುರುತು. ಮತ್ತೆ ಖಾಲಿ. ಮತ್ತೆ ಕೈ.

“ಅಣ್ಣಂದು,” ಎಂದ ಗೋಪಿ.

“ಮೊದಲಿದ್ದ ಹಾಗೇ ಮಾಡ್ಕೊಡೋ, ನಿನ್ನ ಕಾಲಿಗೆ ಬೀಳ್ತೀನಿ.”

ಅಳುತ್ತಲೇ ಎಲ್ಲವನ್ನೂ ಹಿಂದಿನಂತೆ ಮಾಡಿಕೊಟ್ಟ. ಈಗಲೂ ಪ್ರತಿ ಸಂಜೆ ಆಡುತ್ತೇನೆ. ಆದರೆ ಆಟ ಒಮ್ಮೆಯೂ ತಡವರಿಸಿಲ್ಲ, ಪಕ್ಕದ ಸೀಟು ಖಾಲಿಯೇ ಇದೆ.