ನಿಮ್ಮ ಮುಂದೆ ಇನ್ನು ಮೂವರಿದ್ದಾರೆ

ಸೋಮವಾರ ಬೆಳಿಗ್ಗೆ ಕಂಪನಿಯ ಸ್ಟೋರ್ ರೂಮಿನ ಬಾಗಿಲು ತೆರೆದ ಕಾವಲುಗಾರ ಮೊದಲು ನೋಡಿದ್ದು ಗೋಡೆಯ ಬಿಳಿ ಬೋರ್ಡನ್ನು. ಕಪ್ಪು ಮಾರ್ಕರಿನಲ್ಲಿ ದಪ್ಪಕ್ಷರದ ಎರಡು ಸಾಲುಗಳಿದ್ದವು. ಓದಿ ನಕ್ಕ. ಫೋನಿನಲ್ಲಿ ಫೋಟೋ ತೆಗೆದುಕೊಂಡ. ನೆಲದ ಮೇಲೆ ಚೆಲ್ಲಿದ್ದ ಸ್ಕ್ರೂಗಳು ಕಂಡದ್ದು ಆಮೇಲೆ.

ಗೋಡೆಗೆ ತಾಗಿಸಿ ಸಾಲಾಗಿಟ್ಟಿದ್ದ ಹಳೆಯ ಕಂಪ್ಯೂಟರುಗಳಲ್ಲಿ ಒಂದರ ಬದಿಯ ತಗಡು ಕಳಚಿತ್ತು. ಒಳಗಿನ ಹಾರ್ಡ್ ಡಿಸ್ಕ್ ಮಾಯವಾಗಿತ್ತು.

ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ಬೋರ್ಡ್ ಖಾಲಿ.

"ಯಾರು ಅಳಿಸಿದ್ದು?"

"ನಾನೇ," ಎಂದ ಕಂಪನಿಯ ಮಾಲೀಕ. ಅವನ ಮುಖ ಇನ್ನೂ ಕೆಂಪಾಗಿತ್ತು. "ನನ್ನ ಆಫೀಸಲ್ಲಿ ನನ್ನನ್ನೇ ಆಡ್ಕೊಳ್ಳೋದಾ? ಪೂರ್ತಿ ಓದೋಕೂ ಆಗ್ಲಿಲ್ಲ ಮೇಡಂ. ಒರೆಸಿ ಬಿಸಾಕ್ದೆ."

"ಅದು ಸಾಕ್ಷಿ, ಸಾರ್."

"ಅದು ಜೋಕು! ಊರೆಲ್ಲ ಇದೇ ಆಗೋಯ್ತು."

ಅದಂತೂ ನಿಜ. ಕ್ಲಿನಿಕ್ಕುಗಳಲ್ಲಿ ಕಾಯುವವರ ಫೋನಿಗೆ 'ನಿಮ್ಮ ಮುಂದೆ ಇನ್ನು ಮೂವರಿದ್ದಾರೆ' ಎಂದು ತಿಳಿಸುವ ಸಾಫ್ಟ್‌ವೇರ್ ಈ ಕಂಪನಿಯದು. ಅಂಥದ್ದನ್ನೇ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲಿನ ಒಂಟಿ ಕೋಣೆಯಲ್ಲಿ ಕೂತು ಒಬ್ಬ ಹೆಂಗಸು ಮಾರತೊಡಗಿದ್ದಳು. ಕಂಪನಿ ಅವಳ ಮೇಲೆ ಕೃತಿಸ್ವಾಮ್ಯದ ದಾವೆ ಹೂಡಿತು. ಆಕೆ ಕಂಪನಿಯ ಮುಖ್ಯ ಎಂಜಿನಿಯರನ ಒಡಹುಟ್ಟಿದ ಅಕ್ಕ. ತಮ್ಮನ ಮನೆಗೆ ಹೋಗಿ ಬಂದು ಮಾಡುತ್ತಲೇ ಅವನ ಕೆಲಸ ಕದ್ದಳು ಎಂಬುದು ದೂರು.

ಸುದ್ದಿ ಹೊರಬಿದ್ದದ್ದೇ ತಡ, ಜನ ಜೋಕು ಶುರುವಿಟ್ಟುಕೊಂಡರು. 'ಬಸ್ ಸ್ಟಾಪಿನಲ್ಲಿ ಹಿಂದಿನವನಿಗೆ ನನ್ನ ನಂತರ ನೀನು ಅಂದೆ, ಲಾಯರ್ ನೋಟಿಸ್ ಬಂತು.' 'ನಮ್ಮನೆ ಬಾತ್‌ರೂಮಿನ ಮುಂದೆ ನಾಲ್ಕು ಜನ ಇದ್ದೀವಿ, ಎಣಿಸೋಕೆ ಯಾರ ಅನುಮತಿ ತಗೋಬೇಕು?' 'ಇರುವೆಗಳು ಒಳ್ಳೆ ವಕೀಲರನ್ನು ಹುಡುಕ್ತಿವೆ.'

ಪ್ರೋಗ್ರಾಂ ಮೊದಲು ಬರೆದ ಕಂಪ್ಯೂಟರನ್ನು ತೋರಿಸಿ ಎಂದು ಕೋರ್ಟು ಹೇಳಿತ್ತು. ಪರೀಕ್ಷಿಸಲು ಕೋರ್ಟಿನ ತಜ್ಞರು ಬರಬೇಕಿದ್ದದ್ದು ಇದೇ ಬೆಳಿಗ್ಗೆ.

"ಗಾಬರಿ ಬೇಡ," ಎಂದಳು ಕಂಪನಿಯ ವಕೀಲೆ. ಅವಳ ಬೆರಳು ಕೆಂಪು ಚೀಟಿ ಅಂಟಿಸಿದ್ದ ಒಂದು ಕಂಪ್ಯೂಟರಿನತ್ತ ತಿರುಗಿತು. "ನಮಗೆ ಬೇಕಾಗಿದ್ದು ಅದು. ಮುಟ್ಟೇ ಇಲ್ಲ. ಕಳ್ಳ ಪೆದ್ದ, ಪಕ್ಕದ್ದನ್ನ ಬಿಚ್ಚಿದ್ದಾನೆ."

ಬಾಗಿಲಿಗೆ ನಂಬರ್ ಬೀಗವಿತ್ತು. ನಂಬರು ಒಂದು, ಎರಡು, ಮೂರು, ನಾಲ್ಕು. ಇಡೀ ಆಫೀಸಿಗೆ ಗೊತ್ತು. ಕ್ಯಾಮೆರಾವೂ ಇತ್ತು, ಆದರೆ ಅದರ ಮೂತಿ ಕಾಫಿ ಯಂತ್ರದ ಕಡೆಗಿತ್ತು.

"ಕಾಫಿ ಪುಡಿ ಕಳುವಾಗ್ತಿತ್ತು ಮೇಡಂ," ಎಂದ ಕಾವಲುಗಾರ.

ಇನ್‌ಸ್ಪೆಕ್ಟರಮ್ಮ ಕಣ್ಣು ಮುಚ್ಚಿ ತೆರೆದಳು.

ಮುಖ್ಯ ಎಂಜಿನಿಯರ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಮೆದು ಮಾತಿನ ಮನುಷ್ಯ. "ನಮ್ಮಕ್ಕ ಅಂಥವಳಲ್ಲ ಮೇಡಂ," ಎಂದ. ಸ್ವಲ್ಪ ತಡೆದು, "ಆದ್ರೆ ನಿನ್ನೆ ಅಮ್ಮನ್ನ ನೋಡೋಕೆ ನಮ್ಮನೆಗೆ ಬಂದಿದ್ಲು. ಆಫೀಸಿನ ವಿಷಯ ಕೆದಕಿ ಕೆದಕಿ ಕೇಳ್ತಿದ್ಲು. ಹೇಳ್ಬಾರ್ದು ಅಂದ್ಕೊಂಡಿದ್ದೆ."

* * *

ಠಾಣೆಯ ಫೋನ್ ಹೊಡೆದುಕೊಂಡಿತು. ಮೇಲಧಿಕಾರಿ.

"ಏನ್ರೀ, ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ?" ಎಂದು ಕೇಳಿ ತಾನೇ ಹೊಟ್ಟೆ ತುಂಬ ನಕ್ಕ. ನಗು ಮುಗಿದ ಮೇಲೆ ದನಿ ಬದಲಾಯಿತು. "ನಾಳೆ ಸಂಜೆಯೊಳಗೆ ಆ ಅಕ್ಕನ್ನ ಒಳಗೆ ಹಾಕಿ. ಅವಳನ್ನ ಬಿಟ್ರೆ ಇನ್ಯಾರಿಗೆ ಬೇಕು ಅದು?"

"ಸಾಕ್ಷಿ ಬೇಕಲ್ಲ ಸಾರ್."

"ತಮ್ಮನೇ ಹೇಳ್ತಿದ್ದಾನಲ್ರೀ!"

ಎದುರು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಫೋನ್ ನೋಡುತ್ತ ಕುಲುಕುತ್ತಿದ್ದ. ನಗು ಮುಚ್ಚಿಕೊಳ್ಳಲು ನೆರವಾಗುತ್ತಿದ್ದದ್ದು ಅವನ ಭಾರಿ ಮೀಸೆ. ಠಾಣೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೂ ಮೀಸೆ ಎಂದೇ.

"ಮೀಸೆ, ಇನ್ನೊಂದು ಜೋಕ್ ಓದಿದ್ರೆ ಆ ಫೋನ್ ಕಿಟಕಿಯಾಚೆ ಹೋಗುತ್ತೆ."

"ತನಿಖೆಗೇ ಮೇಡಂ! ಈ ಜೋಕೆಲ್ಲ ಬರೋದು 'ಸಾಲಿನ ಕೊನೆಯವನು' ಅಂತ ಒಂದು ಪುಟದಿಂದ. ಹೆಸರು ಇಲ್ಲ, ಮುಖ ಇಲ್ಲ. ಆದ್ರೆ ಕಂಪನಿಯ ಒಳಗಿನ ಸಂಗತಿ ಎಲ್ಲ ಬರುತ್ತೆ."

"ಹುಡುಕು. ಅಲ್ಲಿವರೆಗೂ ನಗಬೇಡ."

* * *

ಹಲ್ಲಿನ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋರ್ಟಿನ ತಡೆಯಾಜ್ಞೆಯಿಂದ ಅಕ್ಕನ ಸಾಫ್ಟ್‌ವೇರ್ ನಿಂತುಹೋಗಿತ್ತು. ಸಹಾಯಕಿ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದಳು. ಕೆನ್ನೆ ಊದಿಸಿಕೊಂಡವರು, ನನ್ನ ಸರದಿ, ನಿನ್ನ ಸರದಿ ಎಂದು ಕಿತ್ತಾಡುತ್ತಿದ್ದರು.

ಮೇಲಿನ ಕೋಣೆಯಲ್ಲಿ ಒಂದು ಮೇಜು, ಎರಡು ಕಂಪ್ಯೂಟರ್, ಒಂದು ಸ್ಟವ್. ಕೆಳಗಿನಿಂದ ಹಲ್ಲು ಕೊರೆಯುವ ಸದ್ದು ನೆಲವನ್ನೇ ತೂರಿ ಬರುತ್ತಿತ್ತು.

"ಡಿಸ್ಕ್ ನೀವು ತಗೊಂಡ್ರಾ?"

"ಇಲ್ಲ."

"ನಿಮ್ಮ ಪ್ರೋಗ್ರಾಂ ಯಾವಾಗ ಬರೆದದ್ದು?"

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು.

"ನೋಡಿ, ನಿಮ್ಮ ತಮ್ಮ ನಿಮ್ಮ ಕಡೆಗೇ ಬೊಟ್ಟು ಮಾಡ್ತಿದ್ದಾನೆ. ಬಾಯಿ ಬಿಡದಿದ್ರೆ ನಾಳೆ ಸಂಜೆ ನೀವು ಲಾಕಪ್ಪಲ್ಲಿರ್ತೀರಿ."

"ಅವನು ನನ್ನ ಹೆಸರು ಹೇಳಿದ್ನಾ?"

"ಹೌದು."

ಒಂದು ಕ್ಷಣ ಅವಳ ಕೈ ನಿಂತಿತು. ಮತ್ತೆ ಗಾಜು ಉಜ್ಜತೊಡಗಿತು. "ನಾನು ಕದ್ದಿಲ್ಲ. ಅದಕ್ಕಿಂತ ಹೆಚ್ಚು ಕೇಳ್ಬೇಡಿ."

ಇನ್‌ಸ್ಪೆಕ್ಟರಮ್ಮ ಮೆಟ್ಟಿಲಿಳಿಯುವಾಗ ಕೈಕಂಬಿಗೆ ಗುದ್ದಿದಳು. ಕೈ ನೋವಾಯಿತಷ್ಟೆ. ಕಳ್ಳರು ಸುಳ್ಳು ಹೇಳುತ್ತಾರೆ, ಅದಕ್ಕೊಂದು ದಾರಿ ಇದೆ. ತಪ್ಪಿಲ್ಲದವರು ಬಾಯಿಗೆ ಬೀಗ ಹಾಕಿಕೊಂಡರೆ ಏನು ಮಾಡುವುದು?

* * *

ಮರುದಿನ ಮೀಸೆ 'ಸಾಲಿನ ಕೊನೆಯವನ'ನ್ನು ಹಿಡಿದು ತಂದ. ಅವನು ಕಂಪನಿಯ ಸಂಬಳದ ವಿಭಾಗದವನು. ಗಿಡ್ಡನೆಯ, ಬೆವರುವ ಮನುಷ್ಯ.

"ಜೋಕ್ ಮಾಡಿದ್ದು ನಿಜ ಮೇಡಂ. ಹೊಟ್ಟೆಪಾಡಿಗೆ ಅವರ ಕೆಲಸ, ಮನಸ್ಸಿನ ನೆಮ್ಮದಿಗೆ ಈ ಕೆಲಸ. ಆದ್ರೆ ಸ್ಕ್ರೂಡ್ರೈವರ್ ಹಿಡಿಯೋಕೂ ಬರಲ್ಲ ನಂಗೆ. ಶನಿವಾರ, ಭಾನುವಾರ ಮಾವನ ಮನೇಲಿದ್ದೆ. ಬೇಕಿದ್ರೆ ಅತ್ತೇನ ಕೇಳಿ."

ಅತ್ತೆಯನ್ನು ಮೀಸೆ ಆಗಲೇ ಕೇಳಿ ಬಂದಿದ್ದ. ಅಳಿಯ ಎರಡು ದಿನವೂ ಸೋಫಾ ಬಿಟ್ಟು ಎದ್ದಿರಲಿಲ್ಲ.

"ಹಾಗಾದ್ರೆ ಇದು?" ಇನ್‌ಸ್ಪೆಕ್ಟರಮ್ಮ ಕಾವಲುಗಾರ ತೆಗೆದ ಫೋಟೋ ಮುಂದೆ ಹಿಡಿದಳು.

'ಕುರ್ಚಿ ಖಾಲಿ ಇದೆ. ಆದರೆ ಕೂರಬೇಡಿ, ಅದೂ ಕಂಪನಿಯದೇ.'

ಅವನು ಓದಿದ. ಇನ್ನೊಮ್ಮೆ ಓದಿದ. ಮುಖದಲ್ಲಿ ಭಯ ಹೋಗಿ ಹೊಟ್ಟೆಕಿಚ್ಚು ಕಾಣಿಸಿಕೊಂಡಿತು. "ಕುರ್ಚಿನಾ? ಛೆ! ಸರದಿ ಬಂದಾಗ ಫೋನಲ್ಲಿ ಖಾಲಿ ಕುರ್ಚಿ ಚಿತ್ರ ಬರುತ್ತಲ್ಲ, ಅದು! ಇಷ್ಟೆಲ್ಲ ಬರೆದೆ, ಇದು ನಂಗೆ ಹೊಳೀಲೇ ಇಲ್ವಲ್ಲ. ಯಾರಿಗೂ ಹೊಳೆದಿಲ್ಲ. ಎಲ್ರೂ ಆ 'ನಿಮ್ಮ ಮುಂದೆ' ಅನ್ನೋದನ್ನೇ ಜಗೀತಿದ್ವಿ. ಕೇಸ್ ಇರೋದು ಅದರ ಮೇಲಷ್ಟೇ ಅಲ್ವಾ?"

ಇನ್‌ಸ್ಪೆಕ್ಟರಮ್ಮ ಎದ್ದು ನಿಂತಳು. "ಮೀಸೆ, ಜೀಪ್ ತೆಗಿ."

* * *

ವಕೀಲೆ ಫೋಟೋ ನೋಡಿ ಕುರ್ಚಿಯಲ್ಲಿ ನೆಟ್ಟಗಾದಳು.

"ಇದು ಹೊರಗೆ ಹೇಗೆ ಹೋಯ್ತು?"

"ಯಾವುದು?"

"ಕುರ್ಚಿ ಚಿತ್ರವೂ ನಮ್ಮದು ಅಂತ ಹೊಸದಾಗಿ ಸೇರಿಸೋಣ ಅಂತ ಶುಕ್ರವಾರ ತೀರ್ಮಾನ ಮಾಡಿದ್ವಿ. ಕೋರ್ಟಿಗೆ ಇನ್ನೂ ಕೊಟ್ಟೇ ಇಲ್ಲ. ಗೊತ್ತಿದ್ದದ್ದು ಮೂರೇ ಜನಕ್ಕೆ. ನಾನು, ಮಾಲೀಕರು, ಮುಖ್ಯ ಎಂಜಿನಿಯರ್."

"ಆ ಕೆಂಪು ಚೀಟಿ ಯಾರು ಅಂಟಿಸಿದ್ದು?"

"ನಾನು. ಆದ್ರೆ ನಂಗೆ ಎಲ್ಲ ಡಬ್ಬಾನೂ ಒಂದೇ. ಎಂಜಿನಿಯರ್ ತೋರಿಸಿದ್ರು, ಅಂಟಿಸ್ದೆ. ಮಾಲೀಕರಿಗೂ ಅಷ್ಟೇ, ಅವರು ಆ ರೂಮಿಗೆ ಬಂದವರೇ ಅಲ್ಲ."

"ಕೋರ್ಟಿನ ತಜ್ಞರು ನೋಡಬೇಕಿದ್ದದ್ದು ಅದೊಂದನ್ನೇನಾ?"

ವಕೀಲೆ ಹಣೆ ಉಜ್ಜಿಕೊಂಡಳು. "ಮೊದಲು ಹಾಗೇ ಇತ್ತು. ಶನಿವಾರ ಫೋನ್ ಮಾಡಿ, ರೂಮಲ್ಲಿರೋ ಎಲ್ಲವನ್ನೂ ನೋಡ್ತೀನಿ ಅಂದ್ರು. ಮಾಲೀಕರಿಗೂ ಎಂಜಿನಿಯರಿಗೂ ಆಗ್ಲೇ ತಿಳಿಸ್ದೆ."

* * *

ಮಧ್ಯಾಹ್ನ ಸ್ಟೋರ್ ರೂಮಿನಲ್ಲಿ ನಾಲ್ವರು ನಿಂತಿದ್ದರು. ಮಾಲೀಕ, ವಕೀಲೆ, ಎಂಜಿನಿಯರ್, ಬಾಗಿಲ ಬಳಿ ಅಕ್ಕ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಬೇಗ ಅರೆಸ್ಟ್ ಮಾಡಿ ಮುಗಿಸಿ ಮೇಡಂ," ಎಂದ ಮಾಲೀಕ. "ನಂಗೆ ಮೀಟಿಂಗ್ ಇದೆ."

"ಮುಗಿಸ್ತೀನಿ ಸಾರ್. ಕಳ್ಳ ಪೆದ್ದ ಅಂದ್ರು ವಕೀಲರು. ನಾನೂ ಹಾಗೇ ಅಂದ್ಕೊಂಡಿದ್ದೆ. ಹೊರಗಿನವನು ಬಂದ ಅಂತಿಟ್ಕೊಳ್ಳಿ. ಕಣ್ಣಿಗೆ ಹೊಡೆಯೋ ಹಾಗೆ ಕೆಂಪು ಚೀಟಿ ಇದೆ. ಕೇಸ್ ಹಾಳು ಮಾಡ್ಬೇಕು ಅಂದ್ರೆ ಅದನ್ನ ಬಿಚ್ತಾನೆ. ಬರೀ ತಮಾಷೆಗೆ ಬಂದವನೂ ಅದನ್ನೇ ಬಿಚ್ತಾನೆ. ಇವನು ಅದರ ಪಕ್ಕದ್ದಕ್ಕೆ ಕೈ ಹಾಕಿದ. ಯಾಕೆ? ಚೀಟಿ ಇರೋದು ತಪ್ಪು ಕಂಪ್ಯೂಟರಿನ ಮೇಲೆ ಅಂತ ಅವನಿಗೆ ಗೊತ್ತಿತ್ತು."

ವಕೀಲೆ ನಿಧಾನವಾಗಿ ಎಂಜಿನಿಯರನ ಕಡೆ ತಿರುಗಿದಳು.

"ಪ್ರೋಗ್ರಾಂ ಮೊದಲು ಬಂದು ಕೂತದ್ದು ಚೀಟಿ ಇಲ್ಲದ ಕಂಪ್ಯೂಟರಲ್ಲಿ. ಚೀಟಿ ಇರೋದರಲ್ಲಿ ತಾರೀಕು ತಿದ್ದಿಟ್ಟಿದ್ದಾರೆ, ಇದನ್ನ ತಜ್ಞರು ಸಂಜೆಯೊಳಗೆ ಹೇಳ್ತಾರೆ. ಅದೊಂದನ್ನೇ ನೋಡಿ ಹೋಗಿದ್ರೆ ಯಾರಿಗೂ ತೊಂದರೆ ಇರ್ಲಿಲ್ಲ. ಎಲ್ಲವನ್ನೂ ನೋಡ್ತೀನಿ ಅಂದ್ರು. ಅವತ್ತೇ ಕಳ್ಳನ ನಿದ್ದೆ ಹಾರಿಹೋಯ್ತು. ಡಿಸ್ಕ್ ಬಿಚ್ಚಿಕೊಂಡ. ಕಿಡಿಗೇಡಿಗಳ ಕೆಲಸ ಅನ್ನಿಸೋಕೆ ಬೋರ್ಡಲ್ಲಿ ಜೋಕ್ ಬರೆದ. ಆದ್ರೆ ಶುಕ್ರವಾರದಿಂದ ಅವನ ತಲೆ ತುಂಬ ಕುರ್ಚಿಯೇ ಇತ್ತು. ಹೊರಗಿನವರಿಗೆ ಆ ವಿಷಯ ಗೊತ್ತಿಲ್ಲ ಅನ್ನೋದು ಮರೆತೇ ಹೋಯ್ತು. ಕುರ್ಚಿ ಒಂದೇ ಆಗಿದ್ರೆ ಏನೋ ಕಾಕತಾಳೀಯ ಅನ್ನಬಹುದಿತ್ತು. ಕುರ್ಚಿಯೂ ಗೊತ್ತಿದ್ದು, ಚೀಟಿಯ ಗುಟ್ಟೂ ಗೊತ್ತಿದ್ದವರು ಈ ರೂಮಲ್ಲಿ ಒಬ್ಬರೇ."

ಎಂಜಿನಿಯರನ ಮೆದು ದನಿ ಹರಿದುಹೋಯಿತು. ಅವನು ಕೂಗಿದ್ದು ಪೊಲೀಸರ ಮೇಲಲ್ಲ, ಮಾಲೀಕನ ಮೇಲೆ.

"ಕೇಸ್ ಹಾಕ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡೆ ನಿಮ್ಮ ಹತ್ರ! ಕೇಳಿದ್ರಾ? ಅವಳ ಪಾಡಿಗೆ ಅವಳು ನಾಲ್ಕು ಕ್ಲಿನಿಕ್ಕಿಗೆ ಮಾರ್ಕೊಂಡಿದ್ಲು!"

"ಅಂದ್ರೆ?" ಮಾಲೀಕ ತೊದಲಿದ. "ಬರೆದದ್ದು ನೀನಲ್ವಾ?"

"ಅಕ್ಕ ಬರೆದದ್ದು. ಅವಳ ಕಂಪ್ಯೂಟರಿಂದ ನಕಲು ಮಾಡ್ಕೊಂಡು ಬಂದೆ, ಅದರ ಗುರುತು ಆ ಡಿಸ್ಕಲ್ಲಿತ್ತು. ಆಗ ಅವಳಿಗೆ ಮಾರೋ ಯೋಚನೆಯೇ ಇರ್ಲಿಲ್ಲ. ಯಾರಿಗೂ ನಷ್ಟ ಇಲ್ಲ ಅಂದ್ಕೊಂಡೆ."

"ನಾನು ಕೇಸ್ ಹಾಕಿದ್ದು..."

"ಕದ್ದ ಮಾಲು ಕೈಯಲ್ಲಿಟ್ಕೊಂಡು, ಅದರ ಒಡತಿಯ ಮೇಲೆ," ಎಂದಳು ಇನ್‌ಸ್ಪೆಕ್ಟರಮ್ಮ. ಆಮೇಲೆ ಅಕ್ಕನ ಕಡೆ ತಿರುಗಿದಳು. ಎರಡು ದಿನ ತಡೆದಿಟ್ಟ ಸಿಟ್ಟು ಹೊರಬಂತು. "ನಿಮಗೆ ಮೊದಲೇ ಗೊತ್ತಿತ್ತು! ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ತಜ್ಞರು ಕಂಪ್ಯೂಟರ್ ತೆರೆದ್ರೆ ತಾನಾಗೇ ಹೊರಗೆ ಬರುತ್ತೆ ಅಂತಿದ್ದೆ," ಎಂದಳು ಅಕ್ಕ. "ನನ್ನ ಬಾಯಿಂದ ಬರೋದು ಬೇಡ ಅಂತ."

"ಡಿಸ್ಕ್ ಎಲ್ಲಿ?"

ತಮ್ಮ ನೆಲ ನೋಡುತ್ತ ಹೇಳಿದ. "ಅಮ್ಮನ ಕಪಾಟಲ್ಲಿ. ಒಡೆದು ಹಾಕೋಣ ಅಂದ್ಕೊಂಡೆ. ನಕಲು ತಂದ ಮೇಲೆ ನಾನೇ ಬರೆದು ಸೇರಿಸಿದ್ದೂ ಅದರಲ್ಲೇ ಇತ್ತು. ಕೈ ಬರ್ಲಿಲ್ಲ."

* * *

ಎಂಜಿನಿಯರನ ಮನೆಯ ಗೇಟಿನ ಮುಂದೆ ಜೀಪ್ ನಿಂತಿತು. ಮೀಸೆ ಇಳಿಯಲು ಹೊರಟಾಗ ಅಕ್ಕ ತಡೆದಳು.

"ಮೊದಲು ನಾನು ಹೋಗ್ತೀನಿ ಮೇಡಂ. ಪೊಲೀಸರು ಬಂದು ಹೇಳಿದ್ರೆ ಅಮ್ಮ ತಡ್ಕೊಳ್ಳಲ್ಲ."

ನಿಯಮದ ಪ್ರಕಾರ ಒಪ್ಪಬಾರದಿತ್ತು. ಅವಳೊಬ್ಬಳನ್ನೇ ಕಳಿಸದೆ ಇನ್‌ಸ್ಪೆಕ್ಟರಮ್ಮ ತಾನೂ ಹಿಂದೆ ನಡೆದು, ಬಾಗಿಲ ಹೊರಗೆ ನಿಂತಳು. ಒಳಗೆ ಮೊದಲು ಅಕ್ಕನ ಸಣ್ಣ ದನಿ. ಆಮೇಲೆ ಮುದುಕಿಯ ದನಿ, ಬೀದಿಗೇ ಕೇಳುವಷ್ಟು ಜೋರಾಗಿ.

"ದೊಡ್ಡೋಳು ನೀನು! ತಗೊಂಡಿದ್ದು ತಮ್ಮ ತಾನೆ, ಹೊರಗಿನವರಾ? ನೀನಾದ್ರೂ ಸುಮ್ನಿರಬಾರ್ದಿತ್ತಾ?"

ಅಕ್ಕ ಹೊರಗೆ ಬಂದಳು. ಕೈಯಲ್ಲಿ ಅಮ್ಮನ ಸ್ವೆಟರಿನಲ್ಲಿ ಸುತ್ತಿದ ಡಿಸ್ಕ್ ಇತ್ತು. ಸ್ವೆಟರ್ ಬಿಡಿಸಿ, ಮಡಚಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಡಿಸ್ಕನ್ನು ಇನ್‌ಸ್ಪೆಕ್ಟರಮ್ಮನ ಕೈಗೆ ಕೊಟ್ಟಳು.

"ಇನ್ನು ಏನು ಬೇಕಿದ್ರೂ ಕೇಳಿ ಮೇಡಂ," ಎಂದಳು. "ಎಲ್ಲ ಹೇಳ್ತೀನಿ."