ಲಾಂಡ್ರಿಯ ಮೇಲಿನ ದ್ವೀಪ

ಮೂರು ದ್ವೀಪಗಳ ಕಂಪನಿಗಳ ಒಡೆಯ ಬನಿಯನ್ ತೊಟ್ಟು ಯಾರದೋ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದ. ಇನ್‌ಸ್ಪೆಕ್ಟರಮ್ಮ ಹಣೆ ಚಚ್ಚಿಕೊಂಡಳು.

ಆನ್‌ಲೈನ್ ಲಾಟರಿಯಲ್ಲಿ ಗೆದ್ದವರಿಗೆ ಬಿಡಿಗಾಸೂ ಬಂದಿರಲಿಲ್ಲ. ಲಾಟರಿ ಕಂಪನಿ ಯಾರದೆಂದು ವಿದೇಶದ ಒಂದು ದ್ವೀಪಕ್ಕೆ ಬರೆದರೆ ಅದು ಇನ್ನೊಂದರತ್ತ ಕೈ ತೋರಿಸುತ್ತಿತ್ತು, ಅದು ಮತ್ತೊಂದರತ್ತ. ಕೊನೆಗೆ ಸಿಕ್ಕಿದ್ದು ಈ ಲಾಂಡ್ರಿಯವನ ಸಹಿ, ಲಾಂಡ್ರಿಯ ಮೇಲಿನ ಕೋಣೆಯ ವಿಳಾಸ. ಕೋಣೆಗೆ ಬೀಗ.

"ಸಹಿ ನಿಂದೇನಾ?"

"ನಂದೇ ಮೇಡಂ. ಲೈಸೆನ್ಸು, ಕರೆಂಟು ಅಂತ ಯಾರ್ಯಾರೋ ಹಾಕಿಸ್ಕೊಂಡಿದಾರೆ. ಓದಕ್ಕೆ ಎಲ್ಲಿ ಪುರಸೊತ್ತು?"

* * *

ಇಲಾಖೆಗೆ ಸಲಹೆ ಕೊಡಲು ಬಂದಿದ್ದ ಆಡಿಟರ್ ಠಾಣೆಯ ಬೋರ್ಡಿನ ಮೇಲೆ ದ್ವೀಪದಿಂದ ದ್ವೀಪಕ್ಕೆ ಬಾಣದ ಗುರುತು ಹಾಕಿ ಹಾಕಿ ಅವಳ ತಲೆ ತಿಂದ.

"ಆ ರೂಮು ಖಾಲಿ ಮೇಡಂ, ಬರೀ ವಿಳಾಸಕ್ಕೆ. ಲಾಟರಿ ಡ್ರಾ ನಡೆಯೋದು ದ್ವೀಪದಲ್ಲಿ. ಲಾಂಡ್ರಿಯವನನ್ನ ಒಳಗೆ ಹಾಕಿ, ಮುಗೀತು."

ಗಡಿಯಾರ ನೋಡಿ ಎದ್ದ. "ಮನೇಲಿ ಕಾಯ್ತಿರ್ತಾರೆ." ದಿನವೂ ಇದೇ ಹೊತ್ತಿಗೆ ಇದೇ ಮಾತು.

ಅತ್ತ ಮೇಲಧಿಕಾರಿಯ ಫೋನು: "ಇವತ್ತೇ ಆ ಲಾಂಡ್ರಿಯವನನ್ನ ಜೈಲಿಗೆ ಕಳ್ಸಿ!"

* * *

ಲಾಂಡ್ರಿಯವನನ್ನು ಠಾಣೆಯಲ್ಲಿ ಕೂರಿಸಿದ್ದರಿಂದ ಅಂಗಡಿಯಲ್ಲಿ ಅವನ ಹೆಂಡತಿ ಒಬ್ಬಳೇ ಒದ್ದಾಡುತ್ತಿದ್ದಳು. "ನಮ್ಮನೆಯವ್ರಿಗೆ ಈ ಅಂಗಡಿ ಬಿಟ್ರೆ ಬೇರೆ ಲೋಕವೇ ಗೊತ್ತಿಲ್ಲ. ಬಿಟ್ಬಿಡಿ ಮೇಡಂ."

ಇನ್‌ಸ್ಪೆಕ್ಟರಮ್ಮ ಫೋನು ತೆರೆದಳು. ಲಾಟರಿ ಡ್ರಾದ 'ದ್ವೀಪದಿಂದ ನೇರಪ್ರಸಾರ' ಶುರುವಾಗಿತ್ತು. ಹಿಂದೆ ನೀಲಿ ಸಮುದ್ರ, ಮುಂದೆ ಚೆಂಡುಗಳನ್ನು ಎತ್ತುವ ಎರಡು ಕೈ. ಹೆಂಡತಿ ಬಟ್ಟೆ ಒಣಗಿಸುವ ದೊಡ್ಡ ಯಂತ್ರದ ಗುಂಡಿ ಒತ್ತಿದಳು. ಅಂಗಡಿಯ ದೀಪ ಮಂಕಾಯಿತು. ಕ್ಷಣ ಬಿಟ್ಟು ಫೋನಿನಲ್ಲಿ ದ್ವೀಪದ ದೀಪವೂ ಮಂಕಾಯಿತು.

"ಇನ್ನೊಂದ್ಸಲ ಹಾಕಮ್ಮ!"

ಮತ್ತೆ ಅದೇ.

ಮೇಲಿನ ಕೋಣೆಗೆ ಈಗ ಬೀಗವಿರಲಿಲ್ಲ, ಒಳಗಿನಿಂದ ಚಿಲಕ. ಜೊತೆಗೆ ಬಂದಿದ್ದ ಕಾನ್ಸ್‌ಟೇಬಲ್ ಬಾಗಿಲು ಒದ್ದ. ಗೋಡೆಗೆ ನೇತುಹಾಕಿದ ಸಮುದ್ರದ ಪರದೆ. ಅದರ ಮುಂದೆ, ಕೈಯಲ್ಲಿ ಚೆಂಡು ಹಿಡಿದು ಆಡಿಟರ್.

"ಮನೇಲಿ ಕಾಯ್ತಿರ್ತಾರೆ ಅಂದ್ರಿ?"

ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಲಾಂಡ್ರಿಯವನ ಹೆಂಡತಿ ಅವನ ಗುರುತು ಹಿಡಿದು ಇನ್‌ಸ್ಪೆಕ್ಟರಮ್ಮನ ಕಿವಿಯಲ್ಲಿ ಏನೋ ಹೇಳಿದಳು.

"ಲಾಂಡ್ರಿ ಲೈಸೆನ್ಸ್ ಮಾಡಿಸಿಕೊಟ್ಟಿದ್ದೂ ನೀವೇ ಅಂತ ಇವಳು ಈಗ ಹೇಳಿದ್ಲು. ಆ ಕಾಗದಗಳ ಜೊತೆ ದ್ವೀಪದ್ದನ್ನೂ ಸೇರಿಸಿ ಸಹಿ ಹಾಕಿಸಿದ್ರಿ. ಡ್ರಾ ಹೊತ್ತಿಗೆ ದಿನಾ ಠಾಣೆಯಿಂದ ಎದ್ದು ಬಂದ್ರಿ. ದ್ವೀಪಕ್ಕೊಂದು ಕಂಪನಿ ಮಾಡಿದೋರು ಈ ರೂಮಿಗೆ ಬೇರೆ ಕರೆಂಟ್ ಲೈನ್ ಎಳೆಸ್ಕೊಳ್ಳೋಕೆ ಜಿಪುಣತನ ಮಾಡಿದ್ರಲ್ರೀ! ಆ ಬಾಣದ ಪಾಠ ಕೇಳಿ ಕೇಳಿ ನನ್ನ ತಲೆ ಹಾಳಾಗಿದೆ. ನಡೀರಿ."

* * *

ಲಾಂಡ್ರಿಯವನನ್ನು ಬಿಡುವ ಕಾಗದ ಸಿದ್ಧವಾಯಿತು. ಹೆಂಡತಿ ಠಾಣೆಯ ಬಾಗಿಲಲ್ಲಿ ನಿಂತಿದ್ದಳು.

"ಮನೆಗೆ ಹೋಗಪ್ಪ. ಇಲ್ಲೊಂದು ಸಹಿ ಹಾಕು."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಇನ್‌ಸ್ಪೆಕ್ಟರಮ್ಮ ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದುಕೊಂಡು ಕೂತಳು. ಕಾಗದವನ್ನು ಮೊದಲ ಸಾಲಿನಿಂದ ಅವನಿಗೆ ಓದಿ ಹೇಳತೊಡಗಿದಳು.